ನೋಡಿದ ಕಡತ: ಸೊನ್ನೆ

ಬೈತಖೋಲದ ಐಸ್ ಫ್ಯಾಕ್ಟರಿಯ ಮಾಳಿಗೆ.
ಕೆಳಗೆ ಮಂಜುಗಡ್ಡೆ ಪುಡಿಯಾಗುವಾಗೆಲ್ಲ
ನನ್ನ ಮೇಜಿನ ಚಹಾ ನಡುಗುತ್ತದೆ.
ಮೂರು ತಿಂಗಳು, ದಿನಾ ಬೆಳಿಗ್ಗೆ,
ಪರಿಶೀಲಕವನ್ನು ಓಡಿಸಿದೆ. ಅದು ಹೇಳಿತು:
ತಪ್ಪು ಇಲ್ಲ.
ನಾನೂ ನಂಬಿ ಚಹಾ ಕುಡಿದೆ.

ಸೋಮವಾರ ಕಣ್ಣಿಗೆ ಬಿತ್ತು ಮೇಲಿನ ಸಾಲು,
ಬೂದಿ ಬಣ್ಣದ ಸಣ್ಣಕ್ಷರ:
ನೋಡಿದ ಕಡತ: ಸೊನ್ನೆ.
ಸುಳ್ಳೇನೂ ಹೇಳಿರಲಿಲ್ಲ ಪಾಪ.
ಅಂಗಳದಿಂದಲೇ ತಿರುಗಿ ಹೋಗಿ
‘ಅವರ ಮನೆಯಲ್ಲೆಲ್ಲ ಕ್ಷೇಮ’ ಎಂದ ನೆಂಟನ ಹಾಗೆ.

ಅದಕ್ಕೆ ಗೊತ್ತಿದ್ದದ್ದು ಎಚ್‌ಟಿಎಂಎಲ್ ಬಾಲದ ಕಡತ ಮಾತ್ರ.
ನಮ್ಮವಕ್ಕೆ ಬಾಲ .ದೋಣಿ.
ಒಂದು ಮಳೆಗಾಲ, ದೋಣಿಗಳೆಲ್ಲ ದಡದಲ್ಲಿದ್ದಾಗ,
ರೋಹಿದಾಸ ಬಾನಾವಳಿ ಕೂತು ಕಟ್ಟಿದ ಭಾಷೆ:
ದಕ್ಕೆ ಬಿಟ್ಟರೆ <ಯಾನ>
ದಕ್ಕೆಗೆ ತಾಗಿದರೆ </ಯಾನ>
ನಡುವೆ <ತಾರ್ಲೆ>, <ಬಂಗಡೆ>, <ಸೆಟ್ಲಿ>,
ಮತ್ತೆ, ಒಳಗೇನೂ ಹಿಡಿಸದ,
ತನ್ನನ್ನು ತಾನೇ ಮುಚ್ಚಿಕೊಳ್ಳುವ
<ಬರಿಗೈ/>.
ಈಗ ಅವನು ಹೊನ್ನಾವರದ ಕಚೇರಿಯಲ್ಲಿ.
ಒಂದು ಚೀಟಿಯನ್ನೂ ಬಿಟ್ಟು ಹೋಗಿಲ್ಲ.

ಸೆಟ್ಟಿಂಗಿನ ಕಡತ ತೆರೆದು ಬರೆದೆ:
ಈ ಬಾಲವೂ ನಿನ್ನದೇ, ನೋಡು.
ನೋಡಿತು.
ಎರಡು ಸಾವಿರದ ಮುನ್ನೂರ ಹದಿನಾರು ತಪ್ಪು!
ಅಪರಿಚಿತ ಹೆಸರು: ತಾರ್ಲೆ.
ಅಪರಿಚಿತ ಹೆಸರು: ಬಂಗಡೆ.
ಕಾರವಾರದಲ್ಲಿ ಕೂತು ಬಂಗಡೆಯ ಗುರುತಿಲ್ಲ!
ಘಟ್ಟದ ಮೇಲಿಂದ ವರ್ಗವಾಗಿ ಬಂದ ಕ್ಲರ್ಕಿಗೆ
ಪೇಟೆ ತೋರಿಸಿದ ಹಾಗೆ
ಒಂದೊಂದೇ ಹೆಸರು ಹೇಳಿಕೊಟ್ಟೆ.
ಇದು ಮೀನು. ಇದು ಬಲೆ.
ಇದು ಖಾಲಿ ಇರಬಹುದು, ಬೈಯಬೇಡ.
ಸಾಲಿನ ಮುಂದೆ ಎರಡು ತೆರಪು ಬೇಕೆಂಬ
ಅದರ ಹಟವನ್ನು ಆರಿಸಿಬಿಟ್ಟೆ.

ಬಲೆ ಹೊಲಿಯುವ ದುಮಿಂಗ ನೀರಿಗೆಂದು ಮೇಲೆ ಬಂದವನು
ಪರದೆಯ ಕೆಂಪು ನೋಡಿ ಕೇಳಿದ:
‘ಕಣ್ಣು ಎಷ್ಟಿಟ್ಟೆ?
ಮರಿಯೂ ಬಿದ್ದರೆ ಆರಿಸಿ ಸಾಯಬೇಕು.
ದೊಡ್ಡದೂ ದಾಟಿದರೆ ಊಟ ಇಲ್ಲ.’
ನೀರು ಕುಡಿದ, ಇಳಿದು ಹೋದ.

ಗುರುವಾರ ಸಂಜೆಗೆ ಉಳಿದದ್ದು ಒಂದೇ.
ಸಾಲು ೨೧೨: <ಯಾನ> ತೆರೆದಿದೆ, ಮುಚ್ಚಿಲ್ಲ.
ದೋಣಿ ಶಾಂತಾದುರ್ಗಾ. ತಾಂಡೇಲ ಸೋಯರು, ಮಾಜಾಳಿ.
ಹೊರಟದ್ದು ಹೋದ ವರ್ಷದ ಮೇ ಇಪ್ಪತ್ತೆಂಟು.
ಹದಿನೆಂಟು ತಿಂಗಳು.
ಫೋನ್ ನಂಬರಿಗೆ ಒಂಬತ್ತೇ ಅಂಕಿ
(ಅದನ್ನು ಹಿಡಿಯುವ ನಿಯಮ ನಾನೇ ಬರೆದಿರಲಿಲ್ಲ).
ಕಿಟಕಿಯಲ್ಲಿ ಕೂರ್ಮಗಡ ಎಂದಿನಂತೆ ಇತ್ತು.
ಆ ಕಡೆ ಹೆಚ್ಚು ಹೊತ್ತು ನೋಡಲಿಲ್ಲ.

ಶುಕ್ರವಾರ ಬಸ್ಸು ಹತ್ತಿದೆ.
ಕಾಳಿ ಸೇತುವೆ ದಾಟುವಾಗ ಕಂಡಕ್ಟರ್ ಚಿಲ್ಲರೆಗೆ ಜಗಳ ತೆಗೆದ,
ಒಳ್ಳೆಯದೇ ಆಯಿತು.
ಮಾಜಾಳಿಯ ಮರಳಲ್ಲಿ
ಶಾಂತಾದುರ್ಗಾ ಬೋರಲು ಮಲಗಿತ್ತು.
ಅಡಿಯಲ್ಲಿ ನಾಲ್ಕು ಕೋಳಿ.
ಪಕ್ಕದಲ್ಲಿ ಸೋಯರು ತಾಂಡೇಲ, ಬೀಡಿ.
‘ಅದಾ? ಮೀನು ಬಂದ್ ಆಗೂಕೆ ಎರಡು ದಿನ ಇತ್ತು ತಂಗಿ,
ಇಂಜಿನ್ ಕೈಕೊಡ್ತು.
ಸೀದಾ ಇಲ್ಲೇ ಎಳ್ದು ಹಾಕ್ದೆ, ನಿಮ್ಮ ದಕ್ಕೆಗೆ ಬರಲೇ ಇಲ್ಲ.
ಯಾರೂ ಕೇಳೂಕೂ ಬರಲಿಲ್ಲ.’

ಅಳಬೇಕೆಂದು ಬಂದವಳಿಗೆ ನಗು ಬಂತು,
ಆಮೇಲೆ ಅದೂ ನಾಚಿಕೊಂಡಿತು.
ದೋಣಿಯಡಿ ಕೈ ಹಾಕಿ ಒಂದು ಮೊಟ್ಟೆ ತೆಗೆದು ಕೊಟ್ಟ.
ವೇಲಿನ ತುದಿಯಲ್ಲಿ ಗಂಟು ಕಟ್ಟಿ ತಂದೆ,
ನಿಂತುಕೊಂಡೇ, ಕಾರವಾರದ ತನಕ.

ಬಂದದ್ದು: ಮೇ ಮೂವತ್ತು. </ಯಾನ>.
ನಡುವೆ <ಬರಿಗೈ/> ಎಂದು ಬರೆಯಲು ಹೋದ ಬೆರಳು
ಯಾಕೋ ನಿಂತು
<ಮೊಟ್ಟೆ>೧</ಮೊಟ್ಟೆ> ಎಂದಿತು.

ಅಪರಿಚಿತ ಹೆಸರು: ಮೊಟ್ಟೆ.
ನೋಡಿದ ಕಡತ: ೧೮೪. ತಪ್ಪು: ೧.
ಕೆಳಗೆ ಮಂಜುಗಡ್ಡೆ ಪುಡಿಯಾಗತೊಡಗಿತು.
ಮೇಜಿನ ಮೇಲಿಂದ ಉರುಳದಂತೆ
ಅದನ್ನು ಚಹಾದ ಲೋಟದೊಳಗಿಟ್ಟು
ದೀಪ ಆರಿಸಿದೆ.